ಅಣುಜೀವಿನಾಶಕ ವ್ರಣಪಟ್ಟಿಗಳ ಪರೀಕ್ಷಾಕ್ರಮ: ಒಂದು ವಿಮರ್ಶೆ

ಗಾಯಕ್ಕೆ ಕಟ್ಟುವ ಬಟ್ಟೆಯು ಕೇವಲ ಹೊದಿಕೆಯೆಂಬ ಭಾವನೆಯು ಬಹುಕಾಲ ಪ್ರಚಾರದಲ್ಲಿದ್ದಿತು. ೧೮೬೭ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದ ಚಿಕಿತ್ಸೆಯನ್ನು ಪ್ರಕಟಿಸಿದ ಮೇಲೆ ಅಣುಜೀವಿಗಳನ್ನು ತಡೆಯುವ ಕೆಲಸವು ಅದಕ್ಕೆ ಸೇರಿತು. ತೇವವಾಗಿರಿಸಿದ ಗಾಯದ ಮೇಲೆ ಹೊಸ ಚರ್ಮವು ಬೇಗನೆ ಹಬ್ಬುವುದೆಂದು ೧೯೬೨ರಲ್ಲಿ ಜಾರ್ಜ್ ವಿಂಟರನು ಹಂದಿಗಳಲ್ಲಿ ತೋರಿಸಿದ ಮೇಲೆ, ತೇವವನ್ನು ಹದದಲ್ಲಿರಿಸುವ ಭಾರವೂ ಅದರ ಮೇಲೆಯೇ ಬಿದ್ದಿತು. ಆದುದರಿಂದ ಇಂದಿನ ಪಟ್ಟಿಯು ಸ್ರಾವವನ್ನು ಹೀರಬೇಕು, ಹರಿಯದೆ ಇರಬೇಕು, ಅಣುಜೀವಿಗಳನ್ನೂ ಕೊಲ್ಲಬೇಕು. ಈ ಮೂರು ಗುಣಗಳನ್ನು ಅಳೆಯುವ ಕ್ರಮಗಳು ಎಷ್ಟರಮಟ್ಟಿಗೆ ನಂಬತಕ್ಕವು ಎಂಬುದು ವಿಚಾರಣೀಯವಾಗಿದೆ.

ಹೀರುವ ಶಕ್ತಿಗೆ ೨೦೦೨ರ ಐರೋಪ್ಯ ಪ್ರಮಾಣವು ವಿಧಿಸಿದ ಕ್ರಮವು ಪ್ರಸಿದ್ಧವಾದುದು. ೫ ಸೆಂಟಿಮೀಟರು ಚೌಕದ ತುಂಡನ್ನು ತೂಕಮಾಡಿ, ಅದರ ೪೦ರಷ್ಟು ತೂಕದ ದ್ರವದಲ್ಲಿ ೩೭ ಡಿಗ್ರಿ ಉಷ್ಣತೆಯಲ್ಲಿ ೩೦ ನಿಮಿಷವಿರಿಸಿ, ೩೦ ಸೆಕೆಂಡು ನೇತುಹಾಕಿ, ಪುನಃ ತೂಕಮಾಡುವುದು. ಆ ದ್ರವವು ಬರಿಯ ನೀರಲ್ಲ; ಲೀಟರಿಗೆ ೧೪೨ ಮಿಲಿಮೋಲ್ ಸೋಡಿಯಂ, ೨.೫ ಮಿಲಿಮೋಲ್ ಕ್ಯಾಲ್ಸಿಯಂ ಉಳ್ಳದ್ದು. ಇದು ಯುಕ್ತವೇ ಸರಿ. ಕಡಲಪಾಚಿಯಿಂದಾದ ಕ್ಯಾಲ್ಸಿಯಂ ಆಲ್ಜಿನೇಟ್ ನೂಲು ತನ್ನ ಕ್ಯಾಲ್ಸಿಯಮ್ಮನ್ನು ಬಿಟ್ಟು ಸೋಡಿಯಮ್ಮನ್ನು ಪಡೆದಾಗಲೇ ಲೋಳೆಯಾಗುವುದು. ಶುದ್ಧಜಲದಲ್ಲಿ ಈ ವಿನಿಮಯವು ನಡೆಯದು. ಆದರೆ ಈ ಪರೀಕ್ಷೆಯಲ್ಲಿ ತುಂಡಿನ ಮೇಲೆ ಯಾವ ಒತ್ತಡವೂ ಇಲ್ಲ. ಕಾಲಿನ ಸಿರಾವ್ರಣಕ್ಕೆ ಬಿಗಿಯುವ ಪಟ್ಟಿಯಾದರೋ ಹರಡಿನ ಬಳಿ ಸುಮಾರು ೪೦ ಮಿಲಿಮೀಟರು ಪಾದರಸದಷ್ಟು ಒತ್ತುತ್ತದೆ. ರಂಧ್ರಗಳಲ್ಲಿ ನಿಂತ ದ್ರವವು ಒತ್ತಿದಾಗ ಹೊರಬಂದು ಸುತ್ತಣ ಚರ್ಮವನ್ನು ನೆನೆಸಿ ಕೆಡಿಸುವುದು.

ಬಲದ ಪರೀಕ್ಷೆಯನ್ನು ಒಣಗಿದ ತುಂಡಿನಲ್ಲಿ ಮಾತ್ರ ನಡೆಸಿದರೆ ದೋಷವು ಇನ್ನೂ ಹೆಚ್ಚು. ಹತ್ತಿಯ ನೂಲು ನೆನೆದಾಗ ಬಲಗೊಳ್ಳುತ್ತದೆ. ವಿಸ್ಕೋಸ್ ನೂಲು ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಒಣಗಿದಾಗ ಮೇಲೆಂದು ಎಣಿಸಲ್ಪಟ್ಟುದು ನೆನೆದಾಗ ಕೆಳಗಾಗಬಹುದು. ಆಳವಾದ ಗಾಯದಿಂದ ತೆಗೆಯುವಾಗ ಪಟ್ಟಿಯು ತುಂಡಾಗಿ ಒಳಗುಳಿದರೆ ಅದೇ ಕೀವಿಗೆ ಕಾರಣವಾದೀತು.

ಬೆಳ್ಳಿಯುಳ್ಳ ಪಟ್ಟಿಗಳನ್ನು ಅಗಾರ್ ತಟ್ಟೆಯಲ್ಲಿಟ್ಟು, ಸುತ್ತಲೂ ಅಣುಜೀವಿಗಳು ಬೆಳೆಯದ ವಲಯವನ್ನು ಅಳೆಯುವ ವಾಡಿಕೆಯುಂಟು. ಈ ವಲಯವು ಮದ್ದು ಎಷ್ಟು ದೂರ ಹರಡಿತೆಂಬುದನ್ನು ಅವಲಂಬಿಸಿರುತ್ತದೆ. ಅದೊಂದರಿಂದಲೇ ಕೊಲ್ಲುವ ಶಕ್ತಿಯನ್ನು ನಿರ್ಣಯಿಸಲಾಗದು. ಗಾಯದ ಸ್ರಾವದಲ್ಲಿ ಕ್ಲೋರೈಡೂ ಪ್ರೋಟೀನೂ ಇದ್ದು ಬೆಳ್ಳಿಯನ್ನು ಹಿಡಿದಿಡುತ್ತವೆ.

ಸರಳವಾದ ಪರೀಕ್ಷೆಯಿದ್ದರೆ ಮಾತ್ರ ಒಂದು ಪ್ರಯೋಗಶಾಲೆಯ ಫಲವನ್ನು ಇನ್ನೊಂದರದರೊಡನೆ ಹೋಲಿಸಬಹುದೆಂದು ಹೇಳುವವರುಂಟು. ಮಾತು ನ್ಯಾಯವಾದುದೇ. ತಯಾರಿಕೆಯ ಏಕರೂಪತೆಯನ್ನು ಕಾಯಲು ಅಂತಹ ಪರೀಕ್ಷೆ ಸಾಕು. ಗಾಯದ ಮೇಲಿನ ವರ್ತನೆಗೆ ಅದು ಪ್ರಮಾಣವಾಗಲಾರದು. ಮೂರು ಗುಣಗಳನ್ನು ಮೂರು ಹೊಸ ತುಂಡುಗಳಲ್ಲಿ ಬೇರೆಬೇರೆಯಾಗಿ ಅಳೆಯುವುದೇ ಮೂಲದೋಷ. ಪ್ರೋಟೀನುಳ್ಳ ದ್ರವವನ್ನು ಹೀರಿ, ಒತ್ತಡದ ಕೆಳಗೆ, ಕಟ್ಟಿಡುವಷ್ಟು ದಿನವೂ ಇದ್ದ ಪಟ್ಟಿಯಲ್ಲಿಯೇ ಬಲವನ್ನೂ ಅಣುಜೀವಿನಾಶವನ್ನೂ ನೋಡತಕ್ಕದ್ದು. ರೋಗಿಯ ಮೈಮೇಲೆ ಮೂರು ದಿನವಿರುವ ಪಟ್ಟಿಯ ಯೋಗ್ಯತೆಯನ್ನು ಮೊದಲ ಅರ್ಧ ಗಂಟೆಯ ತೂಕದಿಂದಲೇ ನಿರ್ಣಯಿಸುವುದು ಸಾಧುವಲ್ಲ.