ಸ್ಯಾಲಳ ಕಿಟಕಿಯಾಚೆ

ಮಾರ್ಕ್ ವೈಸರ್ 1991ರ ಸೆಪ್ಟೆಂಬರಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಗೆ ಬರೆದ 'ದಿ ಕಂಪ್ಯೂಟರ್ ಫಾರ್ ದಿ ಟ್ವೆಂಟಿಫಸ್ಟ್ ಸೆಂಚುರಿ' ಪ್ರಬಂಧಕ್ಕೆ ಈಗಿರುವಷ್ಟು ದೊಡ್ಡ ಹೆಸರು ಸಲ್ಲದು. ಸ್ಮಾರ್ಟ್ ಮನೆ, ಸ್ಮಾರ್ಟ್ ನಗರ ಎಂದು ಬರೆಯುವವರು ಅದಕ್ಕೊಮ್ಮೆ ಕೈಮುಗಿದೇ ಮುಂದೆ ಸಾಗುತ್ತಾರೆ. ವೈಸರ್ ಕೆಲಸ ಮಾಡುತ್ತಿದ್ದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಟ್ಯಾಬು, ಪ್ಯಾಡು, ಬೋರ್ಡು ಎಂಬ ಸಾಧನಗಳ ಕಥೆ, ಯಂತ್ರ ಕಣ್ಣಿಗೆ ಬೀಳದಂತೆ ಬದುಕಿನಲ್ಲಿ ಬೆರೆಯಬೇಕೆಂಬ ವಾದ ಎಲ್ಲರಿಗೂ ಗೊತ್ತಿರುವಂಥವೇ. ಸಾಧನಗಳ ಮಟ್ಟಿಗೆ ವೈಸರ್ ಬಹಳಷ್ಟನ್ನು ಸರಿಯಾಗಿ ಕಂಡರು. ಮನುಷ್ಯರ ಮಟ್ಟಿಗೆ ಕಾಣಲಿಲ್ಲ. ಸ್ಯಾಲ್ ಎಂಬ ಕಲ್ಪಿತ ಉದ್ಯೋಗಸ್ಥೆಯ ಬೆಳಗಿನ ವರ್ಣನೆಯೇ ಇದಕ್ಕೆ ಸಾಕ್ಷಿ.

ಗಡಿಯಾರ ಅವಳಿಗೆ ಕಾಫಿ ಬೇಕೇ ಎಂದು ಕೇಳುವ ಭಾಗ ಪ್ರಸಿದ್ಧ. ನಾನು ನಿಲ್ಲುವುದು ಅದರ ಮುಂದಿನ ಕಿಟಕಿಗಳ ಬಳಿ. ಒಂದರಲ್ಲಿ ಬಿಸಿಲು, ಬೇಲಿ. ಉಳಿದವುಗಳಲ್ಲಿ ನಸುಕಿನಿಂದ ನೆರೆಹೊರೆಯವರು ಹೋಗಿಬಂದದ್ದರ ವಿದ್ಯುನ್ಮಾನ ಜಾಡು. ಅದನ್ನು ಅವಳಿಗಾಗಿ ಕಾದಿಟ್ಟವರು ಯಾರು, ಎಲ್ಲಿ, ಎಷ್ಟು ದಿನಕ್ಕೆ ಎಂಬುದಿಲ್ಲ. ವಿಡಿಯೊ ಮಾತ್ರ ಇಲ್ಲ. ಖಾಸಗಿತನದ ರೂಢಿಯೂ ದತ್ತಾಂಶ ಸಾಗಣೆಯ ವೇಗವೂ ಅದಕ್ಕೆ ಅಡ್ಡಿ ಎನ್ನುತ್ತಾರೆ ವೈಸರ್. ಮನುಷ್ಯರು ತಮ್ಮತಮ್ಮಲ್ಲಿ ಒಪ್ಪಿ ಪಾಲಿಸುವ ಮರ್ಯಾದೆಯನ್ನೂ ತಂತಿಯ ಸಾಮರ್ಥ್ಯವನ್ನೂ ಹೀಗೆ ಒಂದೇ ಉಸಿರಿನಲ್ಲಿ ಹೇಳಿದ್ದು ಕ್ಷಮಿಸಲಾಗದ ಅಜಾಗರೂಕತೆ. ವೇಗದ ಅಡ್ಡಿ ಎಂದೋ ನಿವಾರಣೆಯಾಯಿತು. ಈಗ ಬಾಗಿಲ ಗಂಟೆಯಲ್ಲೇ ಕ್ಯಾಮೆರಾ ಇದೆ. ರೂಢಿಯನ್ನು ಕಾಯುವ ಹೊಣೆ ಯಾರದೆಂದು ಸ್ಯಾಲಳ ಕಥೆ ಹೇಳಿರಲೇ ಇಲ್ಲ.

ಮಕ್ಕಳು ಆಗಲೇ ಎದ್ದು ಅಡುಗೆಮನೆ ಸೇರಿದ್ದೂ ಅವಳಿಗೆ ಕಾಣುತ್ತದೆ. ತಾಯಿ ಎದ್ದಳೆಂದು ಗೊತ್ತಾಗುತ್ತಲೇ ಅವರು ಗದ್ದಲ ಹೆಚ್ಚಿಸುತ್ತಾರೆ. ಮನೆಯ ಈ ದೃಶ್ಯದಲ್ಲಿ, ಯಾರನ್ನು ನೋಡಲಾಗುತ್ತಿದೆಯೋ ಅವರು ತಿರುಗಿ ನೋಡುವುದು ಇಲ್ಲಿ ಮಾತ್ರ. ನೆರೆಯವರಿಗೆ ಸ್ಯಾಲ್ ಕಾಣುತ್ತಾಳೆಯೇ? ನಮ್ಮ ಜಾಡು ಬೇಡ ಎನ್ನಲು ಅವರಿಗೆ ದಾರಿಯಿದೆಯೇ? ಓಣಿ ಆಪ್ತವೆನಿಸುವ ಸುಖ ಅವಳದು. ಅದನ್ನು ಒದಗಿಸಿದವರಿಗೆ ಈ ಕಥೆಯಲ್ಲಿ ಒಂದು ಮಾತೂ ಇಲ್ಲ.

ವೈಸರ್ ಅವರನ್ನು ಪ್ರಶ್ನಿಸಿದ ಹೆಸರಾಂತ ವಿಮರ್ಶಕರೊಂದಿಗೂ ನನ್ನ ತಕರಾರಿದೆ. ಇವೊನ್ ರಾಜರ್ಸ್ 2006ರಲ್ಲಿ, ಜನರನ್ನು ಸುಮ್ಮನೆ ಕೂರಿಸುವ ತಂತ್ರಜ್ಞಾನ ಬೇಡ, ಚುರುಕಾಗಿ ತೊಡಗಿಸುವಂಥದ್ದು ಬೇಕು ಎಂದರು. ಒಳ್ಳೆಯ ಮಾತು, ಆದರೆ ಅಲ್ಲಿಯೂ ಕೇಂದ್ರದಲ್ಲಿರುವುದು ಬಳಸುವವರೇ. ಮರುವರ್ಷ ಜೆನೆವೀವ್ ಬೆಲ್ ಮತ್ತು ಪಾಲ್ ಡೌರಿಶ್ ಅವರು ಸಿಂಗಪುರ, ದಕ್ಷಿಣ ಕೊರಿಯಾಗಳನ್ನು ತೋರಿಸಿ, ವೈಸರ್ ಕಲ್ಪಿಸಿದ ಭವಿಷ್ಯ ಬಂದಾಗಿದೆ, ಅಂದುಕೊಂಡಷ್ಟು ಓರಣವಾಗಿ ಬಂದಿಲ್ಲ ಅಷ್ಟೇ ಎಂದರು. ಇದೇ ಕೊನೆಯ ಮಾತೆಂಬಂತೆ ಅನೇಕರು ಉದ್ಧರಿಸುತ್ತಾರೆ. ನಾನು ಒಪ್ಪಲಾರೆ. ಬಂದಿತೇ, ಬರಲಿದೆಯೇ ಎಂಬ ಚರ್ಚೆಯಲ್ಲಿ, ಯಾರ ಮೇಲೆ ಬಂದಿತು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಈ ವ್ಯವಸ್ಥೆ ನಿರಂಕುಶ ಪ್ರಭುತ್ವಕ್ಕೆ ಹಿಂದೆಂದೂ ಇಲ್ಲದ ಬಲ ಕೊಟ್ಟೀತೆಂದು ವೈಸರ್ ಎಚ್ಚರಿಸಿದ್ದರು, ನಿಜ. ಅವರು ಸೂಚಿಸಿದ ಪರಿಹಾರ ಗೂಢಲಿಪಿ. ಅದು ಕದ್ದು ನೋಡುವವರನ್ನು ತಡೆದೀತು. ಹಕ್ಕಿನಿಂದ ನೋಡುವವರನ್ನು ತಡೆಯದು. ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದಲ್ಲಿ ಇರುವ ಜಾಗ ತಿಳಿಸುವ ಬ್ಯಾಜುಗಳನ್ನು ಸಂಶೋಧಕರೇ ಧರಿಸಿದ್ದರು, ಬೇಡವಾದರೆ ತೆಗೆದಿಡಬಹುದಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಮನೆಕೆಲಸದವಳು ಒಳಬಂದ ಗಳಿಗೆ ಮಾಲೀಕರ ಮೊಬೈಲಿಗೆ ಹೋಗುತ್ತದೆ, ಹೊರಟ ಗಳಿಗೆಯೂ ಹೋಗುತ್ತದೆ. ಮಾಲೀಕರು ಮನೆಯಲ್ಲಿದ್ದಾರೋ ಇಲ್ಲವೋ ಅವಳಿಗೆ ತಿಳಿಯದು. ದಾಖಲೆ ಬೇಡವೆಂದರೆ ಗೇಟು ತೆರೆಯದು. ಆ ದಾಖಲೆಗೆ ಎಷ್ಟೇ ಗಟ್ಟಿಯಾದ ಗೂಢಲಿಪಿ ಹಾಕಿದರೂ ಅದನ್ನು ನೋಡುವ ಅಧಿಕಾರವಾಗಲಿ, ತಪ್ಪಿದ್ದರೆ ತಿದ್ದಿಸುವ ಅಧಿಕಾರವಾಗಲಿ ಅವಳಿಗೆ ಸಿಗುವುದಿಲ್ಲ.