ಐದು ಚಾನೆಲ್, ಐದು ಸಾಕ್ಷಿ

ಈ ವಾರ ವ್ಯಾಟ್ ಲೆಕ್ಕ ಬರೆಯುತ್ತೇನೆ ಎಂದು ಹೋದ ವಾರ ಹೇಳಿದ್ದೆ. ಸೆಕೆಂಡ್ ಹ್ಯಾಂಡ್ ಮಲ್ಟಿಚಾನೆಲ್ ಪವರ್ ಆಂಪ್ ಕೊಳ್ಳುವಾಗ ನೂರು ವ್ಯಾಟ್ ಸಾಕೋ, ಇನ್ನೂರು ಬೇಕೋ ಎಂಬುದು ಓದುಗರ ಹಳೆಯ ಪ್ರಶ್ನೆ. ವ್ಯಾಟ್ ದುಪ್ಪಟ್ಟಾದರೆ ಸಿಗುವುದು 3 ಡೆಸಿಬೆಲ್. 100ರಿಂದ 120ಕ್ಕೆ ಏರಿದರೆ ಒಂದು ಡೆಸಿಬೆಲ್ ಕೂಡ ಪೂರ್ತಿ ಸಿಗುವುದಿಲ್ಲ. 86 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ಬಿಟ್ಟು 89ರದ್ದನ್ನು ತಂದರೆ ಆಂಪ್ ದುಪ್ಪಟ್ಟು ಮಾಡಿದಷ್ಟೇ ಫಲ. ರೋಟೆಲ್ ಆರ್‌ಎಂಬಿ-1075 ಥರದ, ಚಾನೆಲ್‌ಗೆ 120 ವ್ಯಾಟ್‌ನ ಐದು ಚಾನೆಲ್ ಪೆಟ್ಟಿಗೆ ನಮ್ಮ ಸಾಮಾನ್ಯ ಹಾಲ್‌ಗೆ ಧಾರಾಳ. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ದುಡಿಯುವಾಗ ಅಷ್ಟು ಕೊಡುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ಎರಡೇ ಚಾನೆಲ್ ಓಡಿಸಿ ಅಳೆದ ಅಂಕಿಯನ್ನು ಏಳು ಚಾನೆಲ್ ರಿಸೀವರ್‌ನ ಡಬ್ಬದ ಮೇಲೆ ದೊಡ್ಡದಾಗಿ ಬರೆಯುವ ಚಾಳಿ ಬಹಳ ಹಳೆಯದು.

ವ್ಯಾಟ್ ಕಥೆ ಇಷ್ಟೇ. ಕಳೆದ ಶನಿವಾರ ಜಯನಗರದ ಒಂದು ಮನೆಯಲ್ಲಿ ಕಂಡದ್ದು ಇದಕ್ಕಿಂತ ಉಪಯೋಗದ್ದು, ಅದನ್ನೇ ಬರೆಯುತ್ತೇನೆ.

ನನ್ನ ಸೋದರಳಿಯ ಆಂಪ್ ಹುಡುಕುತ್ತಿದ್ದ. ಅಮೆರಿಕದಿಂದ ಹಿಂತಿರುಗಿ ಹದಿನೈದು ವರ್ಷವಾದ ಹಿರಿಯರೊಬ್ಬರು ತಮ್ಮ ಐದು ಚಾನೆಲ್ ಆಂಪ್ ಮಾರುತ್ತಿದ್ದರು. ಕೇಳಿದ ಬೆಲೆ 55,000 ರೂಪಾಯಿ. ಇಬ್ಬರು ಸೇರಿ ಮೇಜಿನ ಮೇಲೆತ್ತಿ ಇಟ್ಟೆವು. ಮುಂದಿನ ಫಲಕದಲ್ಲಿ ಒಂದು ಗೀರೂ ಇಲ್ಲ. ಹಿಂದೆ ಆರ್‌ಸಿಎ ಪಿನ್‌ಗಳು ಹೊಳೆಯುತ್ತಿದ್ದವು. ಮಂಗಳೂರು, ಉಡುಪಿ ಕಡೆಯಿಂದ ಬರುವ ಆಂಪ್‌ಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಆ ಪಿನ್‌ಗಳ ಹಸಿರು ಕಿಲುಬೇ. ಇದರಲ್ಲಿ ಅದರ ಸುಳಿವಿಲ್ಲ. ಹುಡುಗ ಆಗಲೇ ಸೋತಿದ್ದ. “ಮಾವ, ತಗೊಂಡ್ಬಿಡೋಣ್ವಾ?” ಎಂದು ಪಿಸುಗುಟ್ಟಿದ. ತಾಳು ಎಂದೆ.

ಪ್ಲಗ್ ಹಾಕುವ ಮೊದಲು ಹಿಂದಿನ ಫಲಕದ ವೋಲ್ಟೇಜ್ ಬರಹ ಓದಬೇಕು. ಅಮೆರಿಕದ್ದಾದರೆ 120 ವೋಲ್ಟ್, 60 ಹರ್ಟ್ಸ್; ಜಪಾನಿನ ಒಳ ಮಾರುಕಟ್ಟೆಯದಾದರೆ 100 ವೋಲ್ಟ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಕೆಲವು ಆಂಪ್‌ಗಳ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ ಎರಡು ಸುರುಳಿ ಇರುತ್ತವೆ. ಒಳಗಿನ ಜಂಪರ್ ಬದಲಾಯಿಸಿದರೆ ನಮ್ಮ ಕರೆಂಟಿಗೆ ಹೊಂದಿಕೊಳ್ಳುತ್ತದೆ. ಇಲ್ಲದಿದ್ದರೆ ಸ್ಟೆಪ್‌ಡೌನ್ ಬೇಕು, ಅದೂ ಹೊಟ್ಟೆ ತುಂಬ ತಾಮ್ರ ಇರುವಂಥದ್ದು. ಚಾನೆಲ್‌ಗೆ ನೂರಿಪ್ಪತ್ತರಂತೆ ಐದು ಚಾನೆಲ್ ಎಂದರೆ ಹೊರಬರುವುದೇ 600 ವ್ಯಾಟ್. ಕ್ಲಾಸ್ ಎಬಿ ಆಂಪ್ ಪೂರ್ತಿ ದುಡಿಯುವಾಗ ಗೋಡೆಯಿಂದ ಸಾವಿರ ವ್ಯಾಟ್‌ವರೆಗೆ ಎಳೆಯುತ್ತದೆ. ಮಿಕ್ಸಿಗೆಂದು ಮಾರುವ ಸ್ಟೆಪ್‌ಡೌನ್ ಅದಕ್ಕೆ ತಾಳುವುದಿಲ್ಲ. ಜಪಾನಿನ 100 ವೋಲ್ಟ್ ಆಂಪನ್ನು 110ರ ಸ್ಟೆಪ್‌ಡೌನ್‌ಗೆ ಹಾಕಿ “ಹತ್ತು ವೋಲ್ಟ್ ತಾನೇ” ಎನ್ನುವವರಿದ್ದಾರೆ. ಒಳಗಿನ ಕಪಾಸಿಟರ್‌ಗಳ ಮೇಲೂ ಅದೇ ಅನುಪಾತದಲ್ಲಿ ವೋಲ್ಟೇಜ್ ಏರುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಅದರ ಜೊತೆಗೆ 60 ಹರ್ಟ್ಸ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಕಾಯುತ್ತದೆ, ಗುಂಯ್ ಎನ್ನುತ್ತದೆ. ಈ ಹಿರಿಯರು ಬಂದ ವರ್ಷವೇ ಜಂಪರ್ ಬದಲಾಯಿಸಿಕೊಂಡಿದ್ದರು.

ನನ್ನ ಚೀಲದಲ್ಲಿ ಯಾವಾಗಲೂ ಒಂದು ಸೀರೀಸ್ ಬಲ್ಬ್ ಬೋರ್ಡ್ ಇರುತ್ತದೆ. ಎಸ್.ಪಿ. ರಸ್ತೆಯ ಗಲ್ಲಿಯಲ್ಲಿ ನನಗೆ ಆಂಪ್ ಬಿಚ್ಚುವುದನ್ನು ಕಲಿಸಿದ ಹಿರಿಯ ಮೆಕ್ಯಾನಿಕ್ ಕೊಟ್ಟ ವಿದ್ಯೆ ಅದು. ಗೋಡೆಯ ಕರೆಂಟಿಗೂ ಆಂಪ್‌ಗೂ ನಡುವೆ 100 ವ್ಯಾಟ್‌ನ ಫಿಲಮೆಂಟ್ ಬಲ್ಬ್. ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು. ಸ್ವಿಚ್ ಒತ್ತಿದ ಕೂಡಲೇ ದೊಡ್ಡ ಕಪಾಸಿಟರ್‌ಗಳು ತುಂಬಿಕೊಳ್ಳುವಾಗ ಬಲ್ಬ್ ಪಕ್ಕನೆ ಉರಿದು, ಎರಡು ಕ್ಷಣದಲ್ಲಿ ಕೆಂಡದಷ್ಟು ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ; ಸ್ವಿಚ್ ಆರಿಸಿ, ಕಾಫಿ ಕುಡಿದು ಎದ್ದುಬನ್ನಿ. ಜಯನಗರದ ಬಲ್ಬ್ ನಾಚಿಕೊಂಡಂತೆ ಮಂಕಾಯಿತು.

ಬಲ್ಬ್ ತೆಗೆದು, ಸ್ಪೀಕರ್ ಏನೂ ಹಾಕದೆ, ಅರ್ಧ ಗಂಟೆ ನೇರ ಕರೆಂಟಿನಲ್ಲಿ ಬಿಟ್ಟೆವು. ಆಮೇಲೆ ಮಲ್ಟಿಮೀಟರ್ ತೆಗೆದೆ.

ಎರಡು ಚಾನೆಲ್ ಆಂಪ್‌ನಲ್ಲಿ ಎಡ ಬಲ ಜಗಳವಾಡಿದರೆ ಯಾರು ಸರಿ ಎಂದು ತೀರ್ಪು ಕೊಡಲು ಸರ್ವಿಸ್ ಮ್ಯಾನ್ಯುಯಲ್ ಬೇಕು. ಐದು ಚಾನೆಲ್ ಆಂಪ್‌ನಲ್ಲಿ ಒಂದೇ ದಿನ, ಒಂದೇ ಕೈಯಲ್ಲಿ, ಒಂದೇ ರೀಲಿನ ಬಿಡಿಭಾಗಗಳಿಂದ ಹುಟ್ಟಿದ ಐವರು ಒಡಹುಟ್ಟಿದವರು ಇರುತ್ತಾರೆ. ಒಬ್ಬರ ಮೇಲೆ ಉಳಿದ ನಾಲ್ವರು ಸಾಕ್ಷಿ. ಸರ್ಕ್ಯೂಟ್ ನಕ್ಷೆ ಓದಲು ಬಾರದವರೂ ಐದು ಅಂಕಿ ಬರೆದುಕೊಂಡು, ಯಾವುದು ಮನೆಯ ಮಾತು ಮೀರಿದೆ ಎಂದು ನೋಡಬಹುದು. ಮಲ್ಟಿಚಾನೆಲ್ ಆಂಪನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಸ್ಟೀರಿಯೋ ಆಂಪ್ ಕೊಳ್ಳುವುದಕ್ಕಿಂತ ಸುರಕ್ಷಿತ ಎಂದು ನಾನು ಮತ್ತೆ ಮತ್ತೆ ಬರೆಯುವುದು ಈ ಕಾರಣಕ್ಕೆ.

ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ ವೋಲ್ಟೇಜ್ ಅಳೆದೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಇಪ್ಪತ್ತು ಮೂವತ್ತು ಮಿಲಿವೋಲ್ಟ್ ಆದರೆ ಚಿಂತೆಯಿಲ್ಲ, ನೂರು ದಾಟಿದರೆ ನಾನು ಮುಟ್ಟುವುದಿಲ್ಲ. ಸೋದರಳಿಯ ಚೀಟಿಯಲ್ಲಿ ಬರೆದುಕೊಂಡ: 8, 11, 6, 74, 9.

ನಾಲ್ಕನೆಯ ಚಾನೆಲ್. ಒಳ್ಳೆಯದು ಕೆಟ್ಟದ್ದು ಎಂಬ ಗೆರೆಗೆ ಹೋಲಿಸಿದರೆ 74 ಅಂಥ ಅಪರಾಧವಲ್ಲ. ಸಂದೇಹ ಬಂದದ್ದು ಪಕ್ಕದ ನಾಲ್ಕು ಅಂಕಿಗಳನ್ನು ನೋಡಿ. “ಯಾವಾಗಾದ್ರೂ ರಿಪೇರಿ ಮಾಡಿಸಿದ್ರಾ ಸರ್?” ಎಂದೆ. ಹಿರಿಯರು ಮುಚ್ಚಿಡಲಿಲ್ಲ. “ಹೌದು. ಮನೆ ಪೇಂಟ್ ಮಾಡಿಸುವಾಗ ಸ್ಪೀಕರ್ ವೈರ್ ಶಾರ್ಟ್ ಆಗಿ ಒಂದು ಕಡೆ ಸುಟ್ಟುಹೋಗಿತ್ತು. ಆಮೇಲೆ ಸರಿಯಾಗೇ ಇದೆಯಲ್ಲ?”

ಅವರ ಒಪ್ಪಿಗೆ ಪಡೆದು, ಪ್ಲಗ್ ಕಿತ್ತು, ಕಪಾಸಿಟರ್‌ಗಳು ಇಳಿಯುವವರೆಗೆ ಕಾದು ಮುಚ್ಚಳ ತೆಗೆದೆ. ಪ್ರತಿ ಚಾನೆಲ್‌ಗೂ ಬೇರೆ ಬೋರ್ಡ್, ಬೇರೆ ಹೀಟ್‌ಸಿಂಕ್. ನಾಲ್ಕರ ಸ್ಕ್ರೂಗಳು ಮಾತ್ರ ಹೊಸವು. ಟ್ರಾನ್ಸಿಸ್ಟರ್ ಅಂಚಿನಲ್ಲಿ ಬಿಳಿ ಪೇಸ್ಟ್ ದೋಸೆ ಹಿಟ್ಟಿನಂತೆ ಹೊರಬಂದು ಒಣಗಿತ್ತು. ಉಳಿದ ನಾಲ್ಕರಲ್ಲಿ ತೆಳುವಾದ ಗೆರೆ. ಟಾರ್ಚ್ ಹಿಡಿದು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೇಲಿನ ಅಕ್ಷರ ಓದಿದೆ. ಎಲ್ಲದರಲ್ಲೂ 2ಎಸ್‌ಸಿ5200, 2ಎಸ್‌ಎ1943 ಎಂದೇ ಇದೆ, ಆದರೆ ನಾಲ್ಕರಲ್ಲಿ ಅಕ್ಷರ ದಪ್ಪ, ಬಣ್ಣ ಬೇರೆ. ತೋಷಿಬಾದ ಈ ಜೋಡಿಯಷ್ಟು ನಕಲಿಗೆ ಸಿಕ್ಕಿದ ಟ್ರಾನ್ಸಿಸ್ಟರ್‌ಗಳು ಕಡಿಮೆ. ಹೊರಗೆ ಅದೇ ಹೆಸರು, ಒಳಗೆ ದೊಡ್ಡ ಸಿಲಿಕಾನ್ ತುಂಡು ಇರಬೇಕಾದ ಕಡೆ ಸಾಸಿವೆಯಷ್ಟು ಇರುತ್ತದೆ. ಮೆಲ್ಲಗೆ ಕೇಳುವವರೆಗೆ ನಡೆಯುತ್ತದೆ. ದೀಪಾವಳಿಗೆ ನೆಂಟರ ಮುಂದೆ ಜೋರು ಮಾಡಿದಾಗ ಸಾಯುತ್ತದೆ, ಸ್ಪೀಕರನ್ನೂ ಜೊತೆಗೆ ಕರೆದೊಯ್ಯಬಹುದು.

ಆಂಪ್‌ಗೆ ‘ಸ್ವಭಾವ’ ಉಂಟು ಎನ್ನುವ ಪಂಗಡಕ್ಕೂ, ಹೀಗೆ ಆರೋಗ್ಯವನ್ನೇ ನೋಡುವ ನನಗೂ ಹಳೆಯ ವ್ಯಾಜ್ಯವಿದೆ. ಈ ಕಂಪನಿಯದು ಬೆಚ್ಚಗೆ, ಆ ಕಂಪನಿಯದು ತಣ್ಣಗೆ ಎನ್ನುತ್ತಾ ಹೆಸರಿಗೇ ಇಪ್ಪತ್ತು ಸಾವಿರ ಹೆಚ್ಚು ಕೊಡಿಸುತ್ತಾರೆ. ಅವರು 1978ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಜೇಮ್ಸ್ ಮೊಯಿರ್ ಬರೆದ ವರದಿಯನ್ನು ಓದಬೇಕು. ಕ್ವಾಡ್ ಕಂಪನಿಯ ಮೂರು ತಲೆಮಾರಿನ ಆಂಪ್‌ಗಳನ್ನು ಪರದೆಯ ಹಿಂದೆ ಇಟ್ಟಂತೆ, ಹೆಸರು ಹೇಳದೆ ಕೇಳಿಸಿದ ಪರೀಕ್ಷೆ ಅದು. 1953ರ ವಾಲ್ವ್ ಆಂಪ್ ಕ್ವಾಡ್ II, 1967ರ ಟ್ರಾನ್ಸಿಸ್ಟರ್ ಆಂಪ್ 303, 1975ರ 405. ಕೇಳಲು ಕೂತವರು ಪಳಗಿದ ಕಿವಿಯವರು. ಮೂರನ್ನೂ ಒಂದೇ ಮಟ್ಟಕ್ಕೆ ಹೊಂದಿಸಿ, ಯಾವುದನ್ನೂ ಅದರ ಶಕ್ತಿ ಮೀರಿ ದುಡಿಸದೆ ನುಡಿಸಿದಾಗ, ಇದು ಇದೇ ಎಂದು ನಂಬಿಕೆಯಿಂದ ಬೆರಳು ತೋರಿಸಲು ಆಗಲಿಲ್ಲ. ವಾಲ್ವ್‌ಗೂ ಟ್ರಾನ್ಸಿಸ್ಟರ್‌ಗೂ ನಡುವೆಯೇ ಈ ಪಾಡಾದರೆ, ಎರಡು ಆರೋಗ್ಯವಂತ ಕ್ಲಾಸ್ ಎಬಿ ಆಂಪ್‌ಗಳ ನಡುವೆ ಬೆಚ್ಚಗೆ ತಣ್ಣಗೆ ಎಲ್ಲಿಂದ ಬರಬೇಕು? ಬೇರೆಯಾಗಿ ಕೇಳಿಸುವುದು ಕಾಯಿಲೆಯ ಆಂಪ್. ಒಣಗಿದ ಕಪಾಸಿಟರ್‌ನ ಗುಂಯ್, ಕಿಲುಬು ಹಿಡಿದ ರಿಲೇಯ ಕರಕರ. ಹೆಸರಿಗೆ ಕೊಡುವ ಇಪ್ಪತ್ತು ಸಾವಿರವನ್ನು ಆರೋಗ್ಯಕ್ಕೆ ಕೊಡಿ ಎಂಬುದೇ ನನ್ನ ವಾದ.

ರಿಲೇ ಪರೀಕ್ಷೆಗೆ ಮೀಟರ್ ಕೂಡ ಬೇಡ. ಒಂದೇ ಸ್ಪೀಕರನ್ನು ಐದೂ ಚಾನೆಲ್‌ಗೆ ಸರದಿಯಲ್ಲಿ ಹಾಕಿ, ಪಕ್ಕದ ಕೋಣೆಯ ಗಡಿಯಾರ ಕೇಳಿಸುವಷ್ಟು ಮೆಲ್ಲಗೆ ನುಡಿಸಿ. ದನಿ ಸೀಳಿ, ಮಾಯವಾಗಿ, ವಾಲ್ಯೂಮ್ ಏರಿಸಿದ ಕೂಡಲೇ ಸರಿಯಾದರೆ ರಿಲೇ ಮುಗಿದಿದೆ ಎಂದರ್ಥ. ಅದು ಸಣ್ಣ ಖರ್ಚಿನ ರಿಪೇರಿ, ಚೌಕಾಸಿಗೆ ಒಳ್ಳೆಯ ಅಸ್ತ್ರ. ಸೆಂಟರ್ ಚಾನೆಲ್ ಮೇಲೆ ಹೆಚ್ಚು ಗಮನವಿರಲಿ. ಸಿನಿಮಾದ ಮಾತೆಲ್ಲ ಅದರ ತಲೆಯ ಮೇಲೆಯೇ. ಐವರಲ್ಲಿ ಹೆಚ್ಚು ಸವೆದವನು ಅವನೇ. ಸರೌಂಡ್ ಚಾನೆಲ್‌ಗಳು ಎಷ್ಟೋ ಮನೆಗಳಲ್ಲಿ ಅರ್ಧ ಆಯಸ್ಸು ಸುಮ್ಮನೆ ಕೂತಿರುತ್ತವೆ.

ಹಳೆಯ ರಿಸೀವರ್ ಕಡಿಮೆಗೆ ಸಿಗುತ್ತದಲ್ಲ ಎಂದು ಕೇಳುವವರಿಗೆ ಒಂದೇ ಮಾತು. ಡಾಲ್ಬಿ ಅಟ್ಮಾಸ್ ಮನೆಗಳಿಗೆ ಬಂದದ್ದು 2014ರಲ್ಲಿ. ಅದಕ್ಕೂ ಹಿಂದಿನ ರಿಸೀವರ್‌ನ ತಲೆಗೆ ಅದು ಅರ್ಥವಾಗುವುದಿಲ್ಲ. ಬರೀ ಪವರ್ ಆಂಪ್‌ಗೆ ಯಾವ ಭಾಷೆಯೂ ಗೊತ್ತಿಲ್ಲ, ಹಾಗಾಗಿ ಯಾವುದೂ ಹಳತಾಗುವುದಿಲ್ಲ. ಪ್ರಿ-ಔಟ್ ಇರುವ ಇಂದಿನ ಯಾವ ಪೆಟ್ಟಿಗೆಯಾದರೂ ಅದಕ್ಕೆ ಆದೀತು.

ಜಯನಗರದ ಹಿರಿಯರಿಗೆ ಚೀಟಿ ತೋರಿಸಿ, ನಕಲಿ ಅಕ್ಷರಗಳನ್ನು ಟಾರ್ಚ್ ಬೆಳಕಿನಲ್ಲಿ ಅವರೇ ಓದುವಂತೆ ಮಾಡಿದೆ. ಅವರಿಗೆ ಬೇಸರವಾದದ್ದು ಬೆಲೆ ಇಳಿಯಿತೆಂದಲ್ಲ, ಆ ರಿಪೇರಿಯವನಿಗೆ ಕೇಳಿದಷ್ಟು ಕೊಟ್ಟಿದ್ದರಂತೆ. 46,000ಕ್ಕೆ ಒಪ್ಪಿದರು.

ಸೋಮವಾರ ಆಂಪ್ ನಮ್ಮ ಮೆಕ್ಯಾನಿಕ್ ಮೇಜಿಗೆ ಹೋಯಿತು. ನಾಲ್ಕರ ಬೋರ್ಡ್‌ನ ಇನ್‌ಪುಟ್ ಕಡೆ ಜೋಡಿಯಾಗಿ ದುಡಿಯಬೇಕಾದ ಎರಡು ಸಣ್ಣ ಟ್ರಾನ್ಸಿಸ್ಟರ್‌ಗಳಲ್ಲಿ ಒಂದನ್ನು ಮಾತ್ರ ಬದಲಾಯಿಸಿ, ಹಿಂದಿನ ರಿಪೇರಿಯವನು ಹೊಂದುತ್ತದೋ ಇಲ್ಲವೋ ಎಂದು ನೋಡದೆ ಬಿಟ್ಟಿದ್ದ. 74 ಮಿಲಿವೋಲ್ಟ್ ಬಂದದ್ದು ಅಲ್ಲಿಂದ. ನಮ್ಮ ಮೆಕ್ಯಾನಿಕ್ ಡಬ್ಬಿಯಿಂದ ಇಪ್ಪತ್ತು ಟ್ರಾನ್ಸಿಸ್ಟರ್ ಸುರಿದು, ಮೀಟರ್‌ನಲ್ಲಿ ಒಂದೊಂದಾಗಿ ಅಳೆದು, ಸರಿಜೋಡಿ ಸಿಕ್ಕಮೇಲೆ ಎರಡನ್ನೂ ಒಟ್ಟಿಗೆ ಬೆಸುಗೆ ಹಾಕಿದರು. ಔಟ್‌ಪುಟ್‌ಗೆ ನಂಬಿಕೆಯ ಕಡೆಯಿಂದ ಅಸಲಿ ತರಿಸಿ ಕೂರಿಸಿ, ಬಯಾಸ್ ಹೊಂದಿಸಿದರು. ಗುರುವಾರ ರಾತ್ರಿ ಸೋದರಳಿಯ ಹೊಸ ಚೀಟಿಯ ಫೋಟೋ ಕಳಿಸಿದ. 8, 11, 7, 10, 9.