ಮಡಚು ಚಾಕಿನ ಹದ

ಮಡಚು ಚಾಕು ಕೊಳ್ಳುವವರು ಮೊದಲು ಹರಿತ ನೋಡುತ್ತಾರೆ. ನಾನು ನೋಡುವುದು ಅಲಗನ್ನೂ ಹಿಡಿಯನ್ನೂ ಕೂಡಿಸುವ ರಿವೆಟ್ಟನ್ನು. ಹರಿತವನ್ನು ಸಾಣೆ ಹಿಡಿದು ತರಬಹುದು, ಕೀಲು ಕೆಟ್ಟರೆ ಚಾಕೇ ಕೆಟ್ಟಂತೆ. ಅಲಗನ್ನು ಅರ್ಧ ತೆರೆದು ಬಿಟ್ಟರೆ ಅಲ್ಲೇ ನಿಲ್ಲಬೇಕು. ಪೂರ್ತಿ ತೆರೆದು ತುದಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿದರೆ ಕದಲಕೂಡದು. ಮಡಚಿ ಇಣುಕಿದಾಗ ಸೀಳಿನ ನಟ್ಟನಡುವೆ ಮಲಗಿರಬೇಕು. ರಿವೆಟ್ಟಿನ ತಲೆಗೆ ಸುತ್ತಿಗೆಯ ಒಂದು ಪೆಟ್ಟು ಹೆಚ್ಚಾದರೆ ತೆರೆಯಲು ಹೋದ ಉಗುರು ಮುರಿಯುತ್ತದೆ, ಒಂದು ಕಡಿಮೆಯಾದರೆ ಲೊಡಲೊಡ. ಅಗ್ಗದ ಚಾಕಿಗೂ ಆ ಲೆಕ್ಕ ತಪ್ಪದೆ ಪೆಟ್ಟು ಹಾಕಿದ ಕೈ ಎಂಥದ್ದಿರಬೇಕು!

ಆಮೇಲೆ ಉಕ್ಕಿನ ಹದ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ ಉಕ್ಕು ಗಡುಸಾಗುತ್ತದೆ, ಪೆಳಸೂ ಆಗುತ್ತದೆ. ಮತ್ತೆ ಮೆಲ್ಲಗೆ ಕಾಯಿಸಿ, ಮೈಮೇಲೆ ತಿಳಿಹಳದಿ ಮೂಡುತ್ತಿದ್ದಂತೆ ತಣಿಸಬೇಕು. ಆ ಗಳಿಗೆ ತಪ್ಪಿದ ಅಲಗಿನ ಬಾಯಿ ಬಾಗುತ್ತದೆ ಇಲ್ಲವೇ ಮುಕ್ಕಾಗುತ್ತದೆ. ಅಂಚನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆದರೆ ಕಣ್ಣಿಗೆ ಕಾಣದ ಮುಕ್ಕೂ ತಿಳಿಯುತ್ತದೆ.

ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆಗೆ ಉಕ್ಕಿನ ಈ ವಿದ್ಯೆ ಹಳೆಯದು. 1800ರಲ್ಲಿ ಇಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್, ಚನ್ನರಾಯನದುರ್ಗ, ಮಧುಗಿರಿ ಕಡೆ ಕಪ್ಪು ಮರಳಿನಿಂದ ಕಬ್ಬಿಣವನ್ನೂ ಮಣ್ಣಿನ ಮೂಸೆಯಲ್ಲಿ ಉಕ್ಕನ್ನೂ ತೆಗೆಯುತ್ತಿದ್ದುದನ್ನು ವಿವರವಾಗಿ ಬರೆದ. 1807ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಕಲ್ಲುಕುಟಿಗರ ಉಳಿಗೂ ವಾದ್ಯದ ತಂತಿಗೂ ಒದಗಿದ ಉಕ್ಕು ಅದು!

ಕೀಲು, ಹದ ಎರಡೂ ಸರಿಯಿದ್ದರೆ ಹಿಡಿ ಮರದ್ದೋ ಹಿತ್ತಾಳೆಯದೋ ಎಂದು ನಾನು ಕೇಳುವುದಿಲ್ಲ. ಚೌಕಾಸಿಯನ್ನೂ ಮಾಡುವುದಿಲ್ಲ.